ಮಿಸ್ ಮನೆಯ ಡಬ್ಬಿ

ಒಂದು ಊರಿನಲ್ಲಿ ಮನೆ, ಇನ್ನೊಂದು ಊರಿನಲ್ಲಿ ನೌಕರಿ ಇರುವವನನ್ನು ಜನ ಮನುಷ್ಯನೆಂದು ಎಣಿಸುವುದಿಲ್ಲ, ಸಾಗಣೆಯ ಸಾಧನವೆಂದು ಎಣಿಸುತ್ತಾರೆ. ನಂಜನಗೂಡಿನಲ್ಲಿ ಮಲಗಿ ಎದ್ದು, ಟಿ. ನರಸೀಪುರದಲ್ಲಿ ಕುಳಿತು ಸಂಬಳ ಪಡೆಯುವ ಗುಮಾಸ್ತನಾದ ನನಗೆ ಈ ಸತ್ಯ ಬಹಳ ಬೇಗ ಗೊತ್ತಾಯಿತು. ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನ ಕಡೆ ಹೊರಟರೆ ಸಾಕು, ಬೀದಿಯ ಗೇಟುಗಳು ಒಂದೊಂದಾಗಿ ಕಿರುಗುಟ್ಟುತ್ತವೆ. "ಪುಟ್ಟಸ್ವಾಮಿಯವರೇ, ಹೆಂಗೂ ಹೋಗ್ತಿದ್ದೀರಲ್ಲ..." ಎಂದು ಮಾತು ಶುರುವಾಗುತ್ತದೆ. ಈ 'ಹೆಂಗೂ' ಎಂಬುದರಷ್ಟು ಅಪಾಯಕಾರಿಯಾದ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಹೆಂಗೂ ಹೋಗುತ್ತಿರುವುದರಿಂದ ನಾನು ಮದುವೆ ಕಾರ್ಡು, ಸಕ್ಕರೆ ಕಾಯಿಲೆಯ ಮಾತ್ರೆ, ಹೊಲಿಯಲು ಕೊಟ್ಟ ರವಿಕೆ, ಹೊಲಿದ ಮೇಲೆ ಬಿಗಿಯಾಯಿತೆಂದು ವಾಪಸು ಬಂದ ಅದೇ ರವಿಕೆ, ಒಮ್ಮೆ ಕಾಲು ಕಟ್ಟಿದ ಹುಂಜ, ಎಲ್ಲವನ್ನೂ ಸಾಗಿಸಿದ್ದೇನೆ. ಹುಂಜಕ್ಕೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ನಿಂತುಕೊಂಡು ಹೋದೆ.

"ಒಂದಿನ ಆಗಲ್ಲ ಅನ್ರೀ. ನಿಮ್ಮ ಬಾಯಿಗೇನಾಗಿದೆ?" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ನಾನೂ ಅನ್ನಬೇಕೆಂದೇ ಹೊರಡುತ್ತೇನೆ. ಆದರೆ ನನ್ನ ಎದೆಯಲ್ಲಿ 'ಆಗಲ್ಲ' ಎಂದು ಹುಟ್ಟಿದ ಮಾತು ಗಂಟಲಿಗೆ ಬರುವಷ್ಟರಲ್ಲಿ 'ನೋಡೋಣ' ಆಗಿ, ಹಲ್ಲು ದಾಟುವಷ್ಟರಲ್ಲಿ 'ಕೊಡಿ' ಆಗಿಬಿಟ್ಟಿರುತ್ತದೆ. ಹೀಗೆ ನಾನು ಹೊತ್ತ ಹೊರೆಗಳಲ್ಲೆಲ್ಲ ಭಾರವಾದದ್ದು ಒಂದು ಸ್ಟೀಲಿನ ಊಟದ ಡಬ್ಬಿ. ನಮ್ಮ ಎದುರು ಮನೆಯ ಸರ್ವಮಂಗಳಮ್ಮ ತಮ್ಮ ಮಗಳು ರಶ್ಮಿಗೆಂದು ಕೊಟ್ಟು ಕಳಿಸುತ್ತಿದ್ದ ಡಬ್ಬಿ ಅದು. ಸರ್ವಮಂಗಳಮ್ಮ ಈಗಿಲ್ಲ. ಅವರ ಮನೆಯ ಗೇಟು ಈಚೆಗೆ ಕಿರುಗುಟ್ಟುವುದಿಲ್ಲ. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ನನ್ನ ಕಾಲು ತಾನಾಗಿಯೇ ಒಂದು ಗಳಿಗೆ ನಿಧಾನವಾಗುತ್ತದೆ, ಹಿಂದಿನಿಂದ ಬರುವ ಸ್ಕೂಟರಿನವನು ಬೈದುಕೊಂಡು ಹೋಗುತ್ತಾನೆ.

ಸರ್ವಮಂಗಳಮ್ಮ ಹೆಡತಲೆ ಎಂಬ ಹಳ್ಳಿಯ ಕಡೆಯಿಂದ ಬಂದವರು. ಗಂಡ ಕಾರ್ಖಾನೆಯಲ್ಲಿದ್ದು, ಮಗಳು ಇನ್ನೂ ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಆಮೇಲೆ ಆಕೆ ಊರಿನ ಕೆಲಸವನ್ನೆಲ್ಲ ಮನೆಕೆಲಸದಂತೆ ಹಚ್ಚಿಕೊಂಡರು. ಬೀದಿ ದೀಪ ಉರಿಯದಿದ್ದರೆ ತಮ್ಮ ಅಡುಗೆಮನೆಯ ದೀಪ ಹೋದಷ್ಟು ಸಂಕಟಪಡುತ್ತಿದ್ದರು, ಅಡುಗೆಮನೆಯ ದೀಪ ಹೋದರೆ ಮಾತ್ರ ತಿಂಗಳುಗಟ್ಟಲೆ ಕತ್ತಲಲ್ಲೇ ಒಗ್ಗರಣೆ ಹಾಕುತ್ತಿದ್ದರು. ಬಾಣಂತಿಯರಿಗೆ ಆಸ್ಪತ್ರೆಯ ದಾರಿ, ಮುದುಕರಿಗೆ ಪಿಂಚಣಿಯ ದಾರಿ, ಕುಡುಕರಿಗೆ ಮನೆಯ ದಾರಿ ತೋರಿಸುವುದು ಅವರೇ. ಬೀದಿಯ ಮಹಿಳಾ ಸಂಘಕ್ಕೆ ಅಧ್ಯಕ್ಷೆ, ಕಾರ್ಯದರ್ಶಿ, ವಿರೋಧ ಪಕ್ಷ ಎಲ್ಲವೂ ಅವರೇ. ಇಷ್ಟೆಲ್ಲ ಕೆಲಸವನ್ನು ಅವರು ಮಾಡಿಸುತ್ತಿದ್ದುದು ಬೈದು. ವಿನಂತಿ ಎಂಬುದು ಅವರ ಬಾಯಿಗೆ ಗೊತ್ತಿರಲಿಲ್ಲ. "ಏನ್ಲಾ, ನಿನ್ ಮನೆ ಕಸ ನನ್ ಬಾಗ್ಲಿಗೆ ಬಂದು ನೆಂಟರಂಗೆ ಕುಂತದಲ್ಲ, ಕಾಪಿ ಕೊಟ್ಟು ಕಳಿಸ್ಲಾ?" ಎಂದು ಅವರು ನಡುಬೀದಿಯಲ್ಲಿ ನಿಂತು ಕೇಳಿದರೆ, ಕಸದ ಯಜಮಾನ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬರುತ್ತಿದ್ದ. ಸಂಘದ ಸಭೆಗಳಲ್ಲಿ ಮೈಕಿನ ವ್ಯವಸ್ಥೆ ನನ್ನದು. ಅದನ್ನು ನನಗೆ ಯಾರು ವಹಿಸಿದರು ಎಂದು ಕೇಳಬೇಡಿ. "ಪುಟ್ಟಸ್ವಾಮಿ, ಇದನ್ನ ಒಸಿ ಇಡ್ಕಳಪ್ಪ" ಎಂದು ಒಮ್ಮೆ ಕೈಗೆ ಕೊಟ್ಟರು. ಅವರಿಗೆ ಅದನ್ನು ವಾಪಸು ಪಡೆಯುವ, ನನಗೆ ವಾಪಸು ಕೊಡುವ ನೆನಪಾಗಲಿಲ್ಲ.

ರಶ್ಮಿಯನ್ನು ಸೌಂದರ್ಯ ಸ್ಪರ್ಧೆಗೆ ಸೇರಿಸಿದ್ದೂ ಊರ ಕೆಲಸದ ಭಾಗವಾಗಿಯೇ. ಊರಿನ ಹುಡುಗರ ಗುಂಪೊಂದು ಕಲ್ಯಾಣ ಮಂಟಪದಲ್ಲಿ ಅಂಥದ್ದೊಂದು ಸ್ಪರ್ಧೆ ಏರ್ಪಡಿಸಿತ್ತು. ದೊಡ್ಡ ಅಧಿಕಾರಿಗಳು ಮುಖ್ಯ ಅತಿಥಿಗಳಾಗಿ ಬರುತ್ತಾರೆಂದೂ, ಕೊನೆಯ ಸುತ್ತಿನಲ್ಲಿ ಹುಡುಗಿಯರ ಕೈಗೆ ಮೈಕು ಕೊಟ್ಟು ಪ್ರಶ್ನೆ ಕೇಳುತ್ತಾರೆಂದೂ ಸರ್ವಮಂಗಳಮ್ಮನಿಗೆ ಸುದ್ದಿ ಬಂತು. ನಮ್ಮ ಬೀದಿಯ ಚರಂಡಿಯ ಮೇಲೆ ಚಪ್ಪಡಿ ಹಾಕಿಸಬೇಕೆಂದು ಅವರು ಅರ್ಜಿ ಬರೆದು ಬರೆದು ಸೋತಿದ್ದರು. ಮೈಕು ಎಂದ ಕೂಡಲೇ ಕಿವಿ ನಿಮಿರಿತು. ಡಿಗ್ರಿ ಓದುತ್ತಿದ್ದ ಮಗಳು "ನಂಗೆ ನಾಚಿಕೆಯಾಗತ್ತಮ್ಮ" ಎಂದಳು. "ಚರಂಡಿಗೆ ಬಿದ್ದೋರಿಗೆ ಆಗದೆ ಇರೋ ನಾಚ್ಕೆ ನಿಂಗ್ಯಾಕೆ?" ಎಂದರು ಅಮ್ಮ. ರಶ್ಮಿ ಚೆಲುವೆ, ಅದರಲ್ಲಿ ಎರಡು ಮಾತಿಲ್ಲ. ಎತ್ತರದ ಹುಡುಗಿ, ನಕ್ಕರೆ ಎದುರಿಗಿದ್ದವರು ತಮ್ಮ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಕೊನೆಯ ಸುತ್ತಿನಲ್ಲಿ, ಗೆದ್ದರೆ ಸಮಾಜಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರು. ಅವಳಿಗಿಂತ ಮುಂಚಿನವರು ವಿಶ್ವಶಾಂತಿ, ಅನಾಥರ ಸೇವೆ, ಪರಿಸರ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ರಶ್ಮಿ ಒಮ್ಮೆ ಅಮ್ಮನ ಕಡೆ ನೋಡಿ, "ನಮ್ಮ ಬೀದಿ ಚರಂಡಿ ಮೇಲೆ ಕಲ್ಲು ಹಾಕಿಸ್ತೀನಿ ಸಾರ್. ವಾಸನೆಗೆ ಮೂಗು ಮುಚ್ಚಿದ ಕೈ ತೆಗೆಯೋಕಾಗಲ್ಲ" ಎಂದಳು. ಮಂಟಪವೆಲ್ಲ ಹೋ ಎಂದು ನಕ್ಕಿತು. ಅಧಿಕಾರಿಗಳೂ ನಕ್ಕರು. ಕಿರೀಟ ಅವಳ ತಲೆಯ ಮೇಲೆ ಕೂತಿತು. ಸ್ವಲ್ಪ ದಿನಕ್ಕೆಲ್ಲ ಚಪ್ಪಡಿಯೂ ಚರಂಡಿಯ ಮೇಲೆ ಕೂತಿತು. ಸರ್ವಮಂಗಳಮ್ಮ ಎರಡನೆಯದನ್ನೇ ಹೆಚ್ಚು ಹೊತ್ತು ನಿಂತು ನೋಡಿದರು.

'ಮಿಸ್ ನಂಜನಗೂಡು' ಎಂಬ ಕಿರೀಟ ಬಂದ ಮೇಲೆ ಆಟೋದವರ ಬಾಯಲ್ಲಿ ಅವರ ಮನೆ 'ಮಿಸ್ ಮನೆ' ಆಯಿತು. ಇದರಿಂದ ಒಂದು ಅವಾಂತರವೂ ಆಯಿತು. ಮಿಸ್ ಎಂದರೆ ನಮ್ಮ ಕಡೆ ಟೀಚರಮ್ಮ ತಾನೆ? ಹೊಸದಾಗಿ ಊರಿಗೆ ಬಂದವರು ಮಕ್ಕಳ ಕೈ ಹಿಡಿದುಕೊಂಡು, "ಮಿಸ್ಸು ಟ್ಯೂಷನ್ ಮಾಡ್ತಾರಾ?" ಎಂದು ಕೇಳಿಕೊಂಡು ಬರತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಕಳಿಸುತ್ತಿದ್ದರು. ಸರ್ವಮಂಗಳಮ್ಮ ಚಾಪೆ ಹಾಸಿದರು. ಜಿಲ್ಲೆಯ ಪತ್ರಿಕೆಗಳಲ್ಲಿ ಫೋಟೊ ಬಂದ ಸುಂದರಿ ಸಂಜೆ ಹೊತ್ತು ಪಡಸಾಲೆಯಲ್ಲಿ ಕೂತು ಹದಿಮೂರರ ಮಗ್ಗಿ ಹೇಳಿಸಬೇಕಾಯಿತು. ಮಗಳ ಕಿರೀಟ ಸಾರ್ವಜನಿಕ ಆಸ್ತಿಯೆಂಬುದರಲ್ಲಿ ಆಕೆಗೆ ಅನುಮಾನವೇ ಇರಲಿಲ್ಲ. ಪೋಲಿಯೋ ಹನಿ ಹಾಕುವ ದಿನ ರಶ್ಮಿ, ರಕ್ತದಾನದ ಶಿಬಿರಕ್ಕೆ ರಶ್ಮಿ, ಕೊನೆಗೆ ಹೊಸ ಬೋರ್‌ವೆಲ್ಲಿನ ಸ್ವಿಚ್ ಒತ್ತುವುದಕ್ಕೂ ರಶ್ಮಿ. "ಅಂಕಲ್, ನಾನು ಗೆದ್ದೆನೋ, ಮುನ್ಸಿಪಾಲ್ಟಿಗೆ ಸೇರಿದೆನೋ?" ಎಂದು ಅವಳು ನನ್ನನ್ನು ಕೇಳಿದ್ದುಂಟು. ಮೈಕು ಹಿಡಿದವನು ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಿಯಾನು?

ಆಮೇಲೆ ಮಚ್ಚೆ ಕಾಣಿಸಿಕೊಂಡಿತು. ಮೊದಲು ಬೆರಳ ಗೆಣ್ಣಿನ ಮೇಲೆ ಸಣ್ಣದಾಗಿ ಬೆಳ್ಳಗೆ, ಸುಣ್ಣ ಸಿಡಿದಂತೆ. ಬಳಿಕ ತುಟಿಯ ಅಂಚಿಗೆ, ಕಣ್ಣಿನ ಸುತ್ತ. ಡಾಕ್ಟರು ತೊನ್ನು ಎಂದರು, ಇದು ಅಂಟುವ ರೋಗವಲ್ಲ, ಹೆದರಬೇಡಿ ಎಂದರು. ಹೆದರಬೇಡಿ ಎಂದು ಡಾಕ್ಟರು ಊರಿಗೆ ಹೇಳಿರಲಿಲ್ಲ. ಟ್ಯೂಷನ್ನಿನ ಚಾಪೆ ನಿಧಾನವಾಗಿ ಖಾಲಿಯಾಯಿತು. ಹುಣ್ಣಿಮೆಗೆ ಕಪಿಲೆಯಲ್ಲಿ ಮುಳುಗೇಳಲು ಬಂದ ಯಾತ್ರಿಕರೂ ಬಿಡದೆ ಔಷಧಿ ಹೇಳಿಹೋದರು. ಬದನೆಕಾಯಿ ಬಿಡಿ, ಮೀನು ತಿಂದು ಹಾಲು ಕುಡಿದಿರಬೇಕು ನೋಡಿ ಎಂದು ಹುಟ್ಟಿನಿಂದ ಮೀನಿನ ಮುಖ ಕಾಣದ ಮನೆಯವರಿಗೆ ಉಪದೇಶ. ಗೊತ್ತಾಗಿದ್ದ ಒಂದು ಸಂಬಂಧ ಸದ್ದಿಲ್ಲದೆ ತಪ್ಪಿಹೋಯಿತು. ರಶ್ಮಿ ದುಪಟ್ಟಾವನ್ನು ಮೂಗಿನ ತನಕ ಸುತ್ತಿಕೊಂಡು ಓಡಾಡತೊಡಗಿದಳು. ಇದನ್ನೆಲ್ಲ ನೋಡುತ್ತ ಸರ್ವಮಂಗಳಮ್ಮ ಅಳಲಿಲ್ಲ, ಸಭೆ ಕರೆದರು.

ಆ ಸಭೆಯನ್ನು ನಾನು ಮರೆಯಲಾರೆ. ಹೆಂಗಸರಿಗಾಗಿ ಆರೋಗ್ಯದ ಮಾಹಿತಿ ಎಂದು ಛತ್ರದಲ್ಲಿ ಸೇರಿಸಿದ್ದರು, ರಶ್ಮಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾತಿನ ನಡುವೆ ಸರ್ವಮಂಗಳಮ್ಮ ನನ್ನ ಕೈಯಿಂದ ಮೈಕು ಕಿತ್ತುಕೊಂಡು, "ಬಾ ಇಲ್ಲಿ ರಶ್ಮಿ" ಎಂದರು. ಅವಳು ಬಂದಳು. ಅಮ್ಮ ಅವಳ ದುಪಟ್ಟಾ ಕೆಳಗೆ ಸರಿಸಿದರು. "ನೋಡಿ. ಊರಿಗೇ ಸುಂದ್ರಿ ಅಂತ ನೀವೇ ಚಪ್ಪಾಳೆ ತಟ್ಟಿದ್ರಿ. ಈಗ ಇವ್ಳ ಕೈಲಿ ನೀರು ಈಸ್ಕೊಳಕ್ಕೆ ಇಂದು ಮುಂದು ನೋಡ್ತೀರ. ಇದು ಅಂಟಾಕಿಲ್ಲ. ನಂಬ್ಕೆ ಇಲ್ದಿದ್ರೆ ಬಂದು ಮುಟ್ಟಿ. ಬನ್ನಿ, ಎಲ್ರೂ ಬಂದು ಮುಟ್ಟಿ!" ಅವರು ಬೈದರೆ ಮಾಡದವರು ಯಾರಿದ್ದಾರೆ? ಹೆಂಗಸರು ದೇವಸ್ಥಾನದ ತೀರ್ಥಕ್ಕೆ ನಿಂತಂತೆ ಸಾಲಾಗಿ ನಿಂತರು. ಒಬ್ಬೊಬ್ಬರಾಗಿ ಬಂದು ರಶ್ಮಿಯ ಕೈ, ಕೆನ್ನೆ ಮುಟ್ಟಿದರು. ಕೆಲವರು ಮುಟ್ಟಿ ಸೆರಗಿಗೆ ಬೆರಳು ಒರೆಸಿಕೊಂಡರು, ಕೆಲವರು ನಿಜವಾಗಿಯೂ ಕಣ್ಣೀರು ಹಾಕಿದರು, ಒಬ್ಬಾಕೆ ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡಳು. ಸರ್ವಮಂಗಳಮ್ಮನ ಮುಖ ಗೆಲುವಿನಿಂದ ಹೊಳೆಯುತ್ತಿತ್ತು. ರಶ್ಮಿ ಬೊಂಬೆಯ ಹಾಗೆ ನಿಂತು ಎಲ್ಲರಿಂದಲೂ ಮುಟ್ಟಿಸಿಕೊಂಡಳು. ಕೊನೆಯ ಹೆಂಗಸು ಇಳಿದುಹೋದ ಮೇಲೆ ದುಪಟ್ಟಾ ಸರಿಮಾಡಿಕೊಂಡು ಮನೆಗೆ ಹೋಗಿ, ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದಳು. ಟಿ. ನರಸೀಪುರದಲ್ಲಿ ಅವಳ ಗೆಳತಿಯೊಬ್ಬಳು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು, ಅಲ್ಲಿಗೆ. ಹೋಗುವ ಮುಂಚೆ ಅಮ್ಮನಿಗೆ ಒಂದು ಮಾತನ್ನೂ ಆಡಲಿಲ್ಲ. "ನಾನೇನ್ ತಪ್ಪು ಮಾಡ್ದೆ? ಅವಳ ಒಳ್ಳೇದಕ್ಕೇ ತಾನೆ?" ಎಂದು ಸರ್ವಮಂಗಳಮ್ಮ ಬೀದಿಯ ಪ್ರತಿಯೊಂದು ಮನೆಯಲ್ಲೂ ಕೇಳಿದರು. ಮಗಳನ್ನು ಮಾತ್ರ ಕೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಗೇಟು ಕಿರುಗುಟ್ಟಿತು. "ಹೆಂಗೂ ಓಗ್ತೀಯಲ್ಲಪ್ಪ ಪುಟ್ಟಸ್ವಾಮಿ" ಎಂದು ಡಬ್ಬಿಯನ್ನು ಮುಂದೆ ಹಿಡಿದರು. ಒಂದು ಬಟ್ಟಲಿನಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮೇಲಿನದರಲ್ಲಿ ಪಲ್ಯ. "ಆ ಮಾರಾಣಿಗೆ ಕೊಡು. ಕೊಬ್ಬಿದ್ರೆ ನಾಯಿಗೆ ಆಕ್ಲಿ, ಇಲ್ದಿದ್ರೆ ತಿನ್ಲಿ ಅಂತ ಏಳು." ನಾನು ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಈ ಸಂದೇಶವನ್ನು ತಿದ್ದಿದೆ. ಸರ್ಕಾರಿ ಪತ್ರಗಳನ್ನು ನಯಗೊಳಿಸುವುದೇ ನನ್ನ ಕಸುಬು. 'ಕೊಡಲಾಗುವುದಿಲ್ಲ' ಎಂಬುದನ್ನು 'ಪರಿಶೀಲನೆಯಲ್ಲಿದೆ' ಎಂದು ಬರೆದೇ ನಾನು ಬಡ್ತಿ ಪಡೆದವನು. ಪಾರ್ಲರಿನ ಬಾಗಿಲಲ್ಲಿ ನಿಂತು, "ಬಿಸಿ ಇರುವಾಗಲೇ ಊಟ ಮಾಡು ಕಂದ ಅಂದ್ರು ಅಮ್ಮ" ಎಂದೆ. ರಶ್ಮಿ ನನ್ನನ್ನು ವಿಚಿತ್ರವಾಗಿ ನೋಡಿ ಡಬ್ಬಿ ತೆಗೆದುಕೊಂಡಳು. ಸಂಜೆ ಖಾಲಿ ಡಬ್ಬಿ ವಾಪಸು ಕೊಡುತ್ತ, "ಯಾರು ಕಳಿಸು ಅಂದ್ರು ಅಂತ ಕೇಳಿ" ಎಂದಳು. ನಾನು ಸರ್ವಮಂಗಳಮ್ಮನಿಗೆ, "ತುಂಬ ಸಂತೋಷಪಟ್ಟಳು" ಎಂದೆ. ಅಮ್ಮನೂ ನನ್ನನ್ನು ವಿಚಿತ್ರವಾಗಿ ನೋಡಿದರು.

ಹೀಗೆ ನನ್ನ ರಾಯಭಾರ ನಡೆಯಿತು. ಕಪಿಲಾ ನದಿ ನಮ್ಮೂರಿನಿಂದ ಆ ಊರಿಗೆ ಟಿಕೆಟ್ಟಿಲ್ಲದೆ ಹರಿದುಹೋಗುತ್ತದೆ, ಯಾರ ಮಾತನ್ನೂ ಹೊರುವುದಿಲ್ಲ. ನಾನು ಟಿಕೆಟ್ಟು ತೆಗೆದುಕೊಂಡು ಇಬ್ಬರು ಹೆಂಗಸರ ಸಿಟ್ಟನ್ನು ಹೊತ್ತು ತಿರುಗುತ್ತಿದ್ದೆ. ಒಮ್ಮೆ ಸಾರು ಸೋರಿ ಆಫೀಸಿನ ಕಡತಕ್ಕೆ ತಾಗಿತು, ಸಾಹೇಬರು ಅದನ್ನು ಮೂಸಿ, "ಹುರುಳಿಯೇನ್ರೀ?" ಎಂದು ಕೇಳಿ ಸಹಿ ಹಾಕಿದರು. ಅಷ್ಟರಲ್ಲಿ ರಶ್ಮಿ ಮದುವೆ ಹೆಣ್ಣುಗಳಿಗೆ ಅಲಂಕಾರ ಮಾಡುವುದನ್ನು ಕಲಿತಿದ್ದಳು. ತೊನ್ನಿನವಳ ಕೈಯಲ್ಲಿ ಮದುಮಗಳಿಗೆ ಅಲಂಕಾರವೇ ಎಂದು ಮೊದಮೊದಲು ಜನ ಹಿಂಜರಿದರು. ಒಂದು ಸಲ ಮುಡುಕುತೊರೆ ಬೆಟ್ಟದ ಮೇಲೆ ಮದುವೆ. ಬರಬೇಕಾದ ಅಲಂಕಾರದವಳು ಕೈಕೊಟ್ಟಳು, ಮುಹೂರ್ತ ಹತ್ತಿರ ಬಂತು. ಬೇರೆ ಗತಿಯಿಲ್ಲದೆ ಇವಳನ್ನು ಕರೆದುಕೊಂಡು ಹೋದರು. ಆ ಹೆಣ್ಣು ಮಂಟಪಕ್ಕೆ ಬಂದಾಗ ಗಂಡಿನ ಕಡೆಯವರು ತಾವು ನೋಡಿ ಒಪ್ಪಿದ್ದು ಇವಳನ್ನೇ ಹೌದೋ ಅಲ್ಲವೋ ಎಂದು ಗುಸುಗುಸು ಮಾಡಿದರಂತೆ. ಆಮೇಲೆ ಕವಲಂದೆಯಿಂದಲೂ ಕಾರು ಕಳಿಸತೊಡಗಿದರು. ಇದನ್ನು ನಾನು ಸರ್ವಮಂಗಳಮ್ಮನಿಗೆ ತಿದ್ದದೆಯೇ ಹೇಳಿದೆ. ಅವರು "ಹೂಂ" ಎಂದು ಒಳಗೆ ಹೋದರು. ಮಾರನೆಯ ದಿನ ಡಬ್ಬಿಯಲ್ಲಿ ಪಾಯಸವಿತ್ತು.

ನನ್ನ ತಿದ್ದುಪಡಿಗಳು ಬಯಲಾದದ್ದು ಉಪ್ಪಿನಿಂದ. ಒಂದು ದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ರಶ್ಮಿ ಸಂಜೆ ಡಬ್ಬಿ ಕೊಡುತ್ತ, "ಊರಿಗೆಲ್ಲ ಬುದ್ಧಿ ಹೇಳೋರಿಗೆ ಉಪ್ಪೆಷ್ಟು ಅಂತ ಗೊತ್ತಾಗಲ್ವಾ ಅಂತ ಕೇಳಿ ಅಂಕಲ್" ಎಂದಳು. ನಾನು ಬಂದು, "ಸಾರು ಬಲು ರುಚಿ ಅಂದಳು" ಎಂದೆ. ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟರು. "ಯಾಕಪ್ಪ ಸುಳ್ಳೇಳೀಯೆ? ಬೇಕಂತ್ಲೇ ಎರಡು ಇಡಿ ಉಪ್ಪು ಸುರಿದಿದ್ದೆ, ಬೈತಾಳೇನೋ ಅಂತ. ಬೈದ್ಳೋ ಇಲ್ವೋ ನಿಜ ಏಳು."

"ಬೈದಳು."

"ಏನಂತ?"

ನಾನು ಅಳುಕುತ್ತ, ಇದ್ದದ್ದು ಇದ್ದ ಹಾಗೆ ಹೇಳಿದೆ. ಸರ್ವಮಂಗಳಮ್ಮ ಜಗಲಿಯ ಮೇಲೆ ಕುಕ್ಕರಿಸಿದರು. ಮೊದಲು ಅವರ ಹೆಗಲು ಕುಣಿಯಿತು, ಆಮೇಲೆ ಹೊಟ್ಟೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಗೇ ಅಂದ್ಲಾ? ಬಾಯಿ ನಂದೇ ಕಣಯ್ಯ, ನಂದೇ" ಎಂದರು. ಮಾರನೆಯ ದಿನ ಇದನ್ನು ಕೇಳಿ ರಶ್ಮಿಯೂ ನಕ್ಕಳು. "ಅಂಕಲ್, ನಮ್ಮಮ್ಮ ಹುಟ್ಟಿದಾಗಿನಿಂದ ಯಾರನ್ನೂ ಕಂದ ಅಂದಿಲ್ಲ. ನೀವು ಅಂದಾಗಲೆಲ್ಲ ನನಗೆ ಮೈ ಜುಂ ಅನ್ನೋದು. ದಯವಿಟ್ಟು ಅವರು ಅಂದಿದ್ದನ್ನೇ ಹೇಳಿ." ಅಂದಿನಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಮದುವೆ ಹೆಣ್ಣುಗಳು, ಅವರ ತಾಯಂದಿರು ಸಾಲಾಗಿ ಕೂತಿರುವ ಪಾರ್ಲರಿನ ಬಾಗಿಲಲ್ಲಿ ನರೆತ ತಲೆಯ ಸರ್ಕಾರಿ ನೌಕರನೊಬ್ಬ ನಿಂತು, "ನಿನ್ ಮೂತಿಗಿಷ್ಟು ಬೆಂಕಿ ಆಕ, ಹೋದ ವಾರದ ಬಟ್ಲು ಎಲ್ಲಿ ಕಳ್ದೆ" ಎಂದು ಅಕ್ಷರಶಃ ಹೇಳಬೇಕಾದರೆ ಅವನ ಸ್ಥಿತಿ ಏನಾಗಬೇಡ? ಹೊಸಬರು ನನ್ನನ್ನು ಅವಳ ಗಂಡನ ಕಡೆಯವನೆಂದು ತಿಳಿದು ಮರುಗುತ್ತಿದ್ದರು. ರಶ್ಮಿ ಮಾತ್ರ ಕಿವಿ ನಿಮಿರಿಸಿ ಕೇಳಿ, ಅಷ್ಟೇ ಖಾರದ ಉತ್ತರ ಕಟ್ಟಿಕೊಡುತ್ತಿದ್ದಳು. ಅವರಿಬ್ಬರೂ ಎದುರಾಬದುರು ಕೂತು ಮಾತಾಡಿಬಿಡಬಹುದಿತ್ತು. ಬಸ್ಸಿನಲ್ಲಿ ಒಂದು ನಿದ್ದೆ ಮಾಡುವಷ್ಟೂ ದೂರವಿಲ್ಲ. ಆದರೆ ಅಮ್ಮ ಹೋಗಲಿಲ್ಲ, ಮಗಳು ಬರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಡಬ್ಬಿ ಹಗುರವಾಗುತ್ತ ಬಂತು. ಬೈಗುಳವೂ ಗಿಡ್ಡವಾಯಿತು. ಸರ್ವಮಂಗಳಮ್ಮನ ಕೈಬಳೆ ಮೊಣಕೈ ತನಕ ಜಾರುವುದನ್ನು ಶಾಂತಾ ನೋಡಿದ್ದಳು. ಕೇಳಿದರೆ, "ನೆಗಡಿ, ಅಷ್ಟೇಯ. ಅವ್ಳ ಕಿವಿಗೆ ಬಿದ್ದೀತು, ಉಷಾರ್" ಎಂದು ಗದರಿದರಂತೆ. ಒಂದು ಬೆಳಿಗ್ಗೆ ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದರು. ಡಬ್ಬಿ ಕೊಟ್ಟರು, ಬಾಯಿ ತೆರೆಯಲಿಲ್ಲ.

"ಏನು ಹೇಳಲಿ ಅಮ್ಮ?"

"ಏನೂ ಬ್ಯಾಡ ಓಗಪ್ಪ."

ನಾನು ಅವರ ಮಾತಿಗೆ ತಪ್ಪಲಿಲ್ಲ. ಪಾರ್ಲರಿಗೆ ಹೋದಾಗ ರಶ್ಮಿ ಒಂದು ಹೆಣ್ಣಿನ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದಳು. "ಇವತ್ತು ಏನಂದ್ರು ಅಂಕಲ್?" ಎಂದು ತಿರುಗದೆಯೇ ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, "ಏನೂ ಅನ್ನಲಿಲ್ಲ" ಎಂದೆ. ಅವಳ ಕೈ ನಿಂತಿತು. "ಬೈಲೇ ಇಲ್ವಾ?" "ಇಲ್ಲ." ಆ ಹುಡುಗಿಯ ಇನ್ನೊಂದು ಕಣ್ಣನ್ನು ಮುಗಿಸಿ, ಕೈ ತೊಳೆದುಕೊಂಡು, "ನಡೀರಿ" ಎಂದಳು. ನಾನು ಅರ್ಧ ದಿನ ರಜೆ ಹಾಕಿದೆ. ಬಸ್ಸಿನಲ್ಲಿ ಡಬ್ಬಿಯನ್ನು ಅವಳೇ ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಖಕ್ಕೆ ದುಪಟ್ಟಾ ಸುತ್ತಿರಲಿಲ್ಲ.

ಸರ್ವಮಂಗಳಮ್ಮ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. "ಯಾಕ್ ಬಂದೆ, ಕೆಲ್ಸ ಬುಟ್ಟು?" ಎಂದರು. "ಬೈಗುಳ ಬರ್ಲಿಲ್ಲ, ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದಳು ಮಗಳು. ರಶ್ಮಿ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊಟ್ಟೆಯಲ್ಲಿ ಗಡ್ಡೆ, ಬಹಳ ಹರಡಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದರು. ಮದುವೆಗಳು ಹೆಚ್ಚಿರುವ ಕಾಲದಲ್ಲೇ ರಶ್ಮಿ ಪಾರ್ಲರನ್ನು ಗೆಳತಿಗೆ ಬಿಟ್ಟು ಬಂದು ಕೂತಳು.

ಸುದ್ದಿ ಹರಡಿದ ಮೇಲೆ ಊರೇ ಬಾಗಿಲಿಗೆ ಬಂತು. ಆಸ್ಪತ್ರೆಯ ದಾರಿ ಕಂಡವರು, ಪಿಂಚಣಿಯ ದಾರಿ ಕಂಡವರು, ಎಲ್ಲರೂ. ಬಂದವರು ಸುಮ್ಮನೆ ಕೂರುತ್ತಾರೆಯೇ? ಹಣೆ ಮುಟ್ಟಿದರು, ಕೈ ಹಿಸುಕಿದರು, ಕಾಲಿಗೆ ಹಣೆ ಹಚ್ಚಿದರು. "ಎಂಗಿದ್ರಿ, ಎಂಗಾದ್ರಿ" ಎಂದು ಕೆನ್ನೆ ಸವರಿ ಅತ್ತರು. ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಸಹಿಸಿದರು. ಒಂದು ಮಧ್ಯಾಹ್ನ ನಾನು ಎಳನೀರು ತೆಗೆದುಕೊಂಡು ಹೋಗಿದ್ದಾಗ, ಹೊರಗೆ ಇನ್ನೊಂದು ಗುಂಪಿನ ಚಪ್ಪಲಿ ಸದ್ದು ಕೇಳಿಸಿತು. ಅವರು ಕಣ್ಣು ತೆರೆದು, "ಬಾಗ್ಲು ಆಕವ್ವ ರಶ್ಮಿ. ಬಂದೋರ್ಗೆಲ್ಲ ಮೈ ಮುಟ್ಟಿಸ್ಕಂಡು ಸಾಕಾಗೋಯ್ತು" ಎಂದರು.

ರಶ್ಮಿ ಎದ್ದು ಬಾಗಿಲು ಹಾಕಿದಳು. ಚಿಲಕ ಹಾಕಿದವಳು ಅಲ್ಲೇ ಬೆನ್ನು ತಿರುಗಿಸಿ ನಿಂತಳು. ಎಳನೀರು ಕೊಚ್ಚುವುದೋ ಬೇಡವೋ ತಿಳಿಯದೆ ನಾನು ಮಚ್ಚು ಹಿಡಿದುಕೊಂಡು ಕೂತೆ. ಸರ್ವಮಂಗಳಮ್ಮ ಮೆಲ್ಲಗೆ, "ಅವತ್ತು ನಿಂಗೂ ಇಂಗೇ ಆಗಿರ್ಬೇಕು" ಎಂದರು.

"ಹೂಂ" ಎಂದಳು ರಶ್ಮಿ.

"ಅವತ್ತೇ ಏಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀನು ಅದಕ್ಕೂ ಒಂದು ಸಭೆ ಕರೀತಿದ್ದೆ."

ಅಮ್ಮ ನಗಲು ಹೋಗಿ ಕೆಮ್ಮಿದರು. ರಶ್ಮಿ ಬಂದು ಪಕ್ಕದಲ್ಲಿ ಕೂತು, ಅಮ್ಮನ ತಲೆ ಬಾಚಲು ಶುರುಮಾಡಿದಳು. ಅವರ ನಡುವೆ ಆ ವಿಷಯದ ಬಗ್ಗೆ ಆದ ಮಾತು ಅಷ್ಟೇ. ಹೊರಗೆ ಬಂದ ಗುಂಪಿಗೆ ನಾನು, "ಈಗ ತಾನೆ ಕಣ್ಣು ಹತ್ತಿದೆ" ಎಂದು ಹೇಳಿ ಕಳಿಸಿದೆ. ಸುಳ್ಳು ಹೇಳುವುದರಲ್ಲಿ ನನಗಿರುವ ನೈಪುಣ್ಯ ಆವತ್ತಾದರೂ ಒಂದಿಷ್ಟು ಉಪಯೋಗಕ್ಕೆ ಬಂತು.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಸರ್ವಮಂಗಳಮ್ಮ ಹೋದರು. ಬೀದಿಯ ಹುಡುಗರು ಬಿಸಿಲೇರುವುದರೊಳಗೆ ದೊಡ್ಡ ಫ್ಲೆಕ್ಸ್ ಹಾಕಿಸಿ ತಂದರು. ಅದರಲ್ಲಿ ಅಮ್ಮನ ಫೋಟೊ, ಪಕ್ಕದಲ್ಲಿ ಕಿರೀಟ ತೊಟ್ಟ ರಶ್ಮಿಯ ಹಳೆಯ ಫೋಟೊ. 'ಶೋಕತಪ್ತ ಮಗಳು' ಎಂಬುದನ್ನು ಅಚ್ಚಿನವನು ಬಹಳ ಸಣ್ಣಕ್ಷರದಲ್ಲಿ ಹಾಕಿದ್ದ. ಕವಲಂದೆಯಿಂದ ಬಂದ ಮುದುಕರೊಬ್ಬರು ಕೈಯಲ್ಲಿ ಎರಡು ಹಾರ ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದ ರಶ್ಮಿಯನ್ನೇ ಕೇಳಿದರು. "ಅಯ್ಯೋ ಶಿವನೆ, ಅವ್ವ ಮಗ್ಳು ಇಬ್ರೂ ಒಂಟೋದ್ರಾ ತಾಯಿ? ಎಂಥ ಚೆಂದುಳ್ಳಿ ಎಣ್ಣುಮಗ!" ರಶ್ಮಿ ಅವರ ಕೈಯಿಂದ ಒಂದು ಹಾರವನ್ನು ತೆಗೆದುಕೊಂಡು, "ಇಲ್ಲ ತಾತ, ಅಮ್ಮ ಒಬ್ರೇ. ನಾನು ಇಲ್ಲೇ ಇದ್ದೀನಿ" ಎಂದಳು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಯಿಸಿ, ಸೀರೆ ಉಡಿಸಿ ಕೂರಿಸಿದ ಮೇಲೆ ಹೆಂಗಸರಲ್ಲೊಬ್ಬಾಕೆ, "ಮೊಕ ಕಪ್ಪಿಟ್ಟೋಗದ ಕಣವ್ವ. ಸೀಮೆ ಮದ್ಲಗಿತ್ತೀರ್ಗೆಲ್ಲ ಮಾಡ್ತೀಯ, ಅವ್ವಂಗೂ ಒಸಿ ಏನಾರ ಅಚ್ಚು" ಎಂದಳು. ಯಾರೋ ರಶ್ಮಿಯ ಪೆಟ್ಟಿಗೆಯನ್ನೂ ತಂದು ಮುಂದಿಟ್ಟರು. ರಶ್ಮಿ ಒದ್ದೆ ಬಟ್ಟೆಯಿಂದ ಅಮ್ಮನ ಮುಖವನ್ನು ನಿಧಾನವಾಗಿ ಒರೆಸಿದಳು. ಹಣೆಗೆ ವಿಭೂತಿ ಎಳೆದಳು. ಪೆಟ್ಟಿಗೆ ತೆರೆಯಲಿಲ್ಲ. "ಬೇಡ. ಹೆಂಗಿದಾರೋ ಹಂಗೇ ಹೋಗ್ಲಿ" ಎಂದಳು. ಆಮೇಲೆ ಹೊರಗಿದ್ದವರನ್ನೆಲ್ಲ ಒಳಗೆ ಬಿಟ್ಟಳು.

ಕರ್ಮಗಳೆಲ್ಲ ಮುಗಿದ ಮೇಲೆ ಸಂಘದ ಹೆಂಗಸರು ಬಂದು, "ಇನ್ಮೇಕೆ ನೀನೇ ನಡಸ್ಕಂಡು ಓಗ್ಬೇಕು ರಶ್ಮಿ" ಎಂದು ಕೂತರು. ರಶ್ಮಿ ಒಂದೇ ಮಾತಿನಲ್ಲಿ "ಆಗಲ್ಲ" ಎಂದಳು. ಎಷ್ಟು ಸಲೀಸಾಗಿ ಅಂದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಹೆಂಗಸರು ಸುತ್ತ ನೋಡಿದರು. ಮೂಲೆಯಲ್ಲಿ ಬಾಳೆ ಎಲೆ ಎಣಿಸುತ್ತಿದ್ದ ನನ್ನ ಮೇಲೆ ಅವರ ಕಣ್ಣು ಬಿತ್ತು. "ಪುಟ್ಟಸ್ವಾಮಪ್ಪೋರು ಹೆಂಗೂ ಇದ್ದಾರಲ್ಲ" ಎಂದರು. ರಶ್ಮಿ ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಶಾಂತಾಳ ಕೈಗೆ ಕೊಟ್ಟು ಟಿ. ನರಸೀಪುರಕ್ಕೆ ಹೋದಳು. ಈಗಲೂ ಅಲ್ಲೇ ಇದ್ದಾಳೆ. ಅವಳಿಗೆ ಕೆಲಸ ಕೈತುಂಬ. ಆಫೀಸು ಬಿಟ್ಟು ಬರುವಾಗ ಒಮ್ಮೊಮ್ಮೆ ಬಾಗಿಲಲ್ಲಿ ನಿಲ್ಲುತ್ತೇನೆ. ಹೇಳಲು ನನ್ನ ಬಳಿ ಏನೂ ಇರುವುದಿಲ್ಲ. ಅವಳು ಕುರ್ಚಿ ಎಳೆದು ಕಾಫಿ ತರಿಸುತ್ತಾಳೆ.

ನಮ್ಮ ಬೀದಿಯನ್ನು ಭಾನುವಾರ ಎಲ್ಲರೂ ಸೇರಿ ಗುಡಿಸುವ ಪದ್ಧತಿಯನ್ನು ಸರ್ವಮಂಗಳಮ್ಮ ಮಾಡಿದ್ದರು. ಅದೀಗ ನನ್ನ ಹೊಣೆ. ನಾನು ಶನಿವಾರ ಸಂಜೆಯೇ ಮನೆಮನೆಗೆ ಹೋಗಿ, "ತಮಗೆ ತೊಂದರೆಯಾಗದಿದ್ದರೆ, ಬಿಡುವಿದ್ದರೆ, ಐದು ನಿಮಿಷ ಬಂದುಹೋಗಬಹುದೇ" ಎಂದು ಕೈಮುಗಿದು ಕೇಳುತ್ತೇನೆ. ಎಲ್ಲರೂ ಬಹಳ ಗೌರವದಿಂದ ಹೂಂ ಎನ್ನುತ್ತಾರೆ, ಒಬ್ಬರೂ ಬರುವುದಿಲ್ಲ. ಮೊದಲ ವಾರ ನಾನೂ ಶಾಂತಾಳೂ ಗುಡಿಸಿದೆವು. ಈಚೆಗೆ ಶಾಂತಾಳೂ ಬರುತ್ತಿಲ್ಲ. ಹೋದ ಭಾನುವಾರ ಅವಳು ಬಾಗಿಲಲ್ಲೇ ನಿಂತು, "ಒಂದ್ಸಲ ಬೈದು ನೋಡ್ರೀ. ಆಯಮ್ಮ ಬೈದ್ರೆ ಬೀದಿಗೆ ಬೀದಿನೇ ಓಡಿ ಬರ್ತಿತ್ತು" ಎಂದಳು. ಅದೂ ಆಗಿಬಿಡಲಿ ಎಂದು ಪೊರಕೆ ಹಿಡಿದು ನಡುಬೀದಿಗೆ ಹೋದೆ. ಎದೆ ತುಂಬ ಉಸಿರು ಎಳೆದುಕೊಂಡು, ಮೂಲೆಮನೆಯ ಗೇಟನ್ನು ಗಟ್ಟಿಯಾಗಿ ಬಡಿದೆ. ಯಜಮಾನ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ಹೇಳಬೇಕಾದ ಮಾತೆಲ್ಲ ನನ್ನ ಬಾಯಿಯ ತುದಿಗೆ ಬಂದಿತ್ತು.

"ನಿದ್ದೆ ಕೆಡಿಸಿದೆನೇನೋ, ಕ್ಷಮಿಸಿ" ಎಂದೆ.

"ಪರವಾಗಿಲ್ಲ ಬುಡಿ ಸಾ" ಎಂದು ಅವನು ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಗೇಟು ಹಾಕಿಕೊಂಡು ಒಳಗೆ ಹೋದ.